ಗಾಡಿ ಮಲಗಿಸುವ ಶಿವಯೋಗೆಪ್ಪ

ರಬಕವಿಯ ಶಿವಯೋಗೆಪ್ಪನವರ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಅವರನ್ನೇ ಕೇಳಿದರೆ "ಗಾಡಿ ಮಲಗಸ್ತೇನ್ರಿ" ಎನ್ನುತ್ತಾರೆ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಕಾರನ್ನು ತೊಳೆದು, ಒರೆಸಿ, ಬಣ್ಣಕ್ಕೂ ಗಾಲಿಗಳಿಗೂ ಕಾಪಾಡುವ ಲೇಪ ಹಚ್ಚಿ, ಹೊದಿಕೆ ಹಾಕಿ ಬರುವುದು ಅವರ ಕೆಲಸ. ಹಜ್‌ಗೆ ಹೋಗುವವರು, ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೊರಟವರು, ಕಬ್ಬು ನುರಿಸುವುದು ಮುಗಿದ ಮೇಲೆ ರಜೆಯ ಮೇಲೆ ಹೋಗುವ ಮುಧೋಳದ ಕಾರ್ಖಾನೆಯ ಸಾಹೇಬರು, ಎಲ್ಲರೂ ಅವರಿಗೆ ಫೋನ್ ಮಾಡುತ್ತಾರೆ. ಜಮಖಂಡಿಯಿಂದ ಬೀಳಗಿವರೆಗೆ ಈ ಒಂದು ಕೆಲಸವನ್ನು ಇಷ್ಟು ನೆಟ್ಟಗೆ ಮಾಡುವವರು ಇನ್ನೊಬ್ಬರು ನನಗೆ ಗೊತ್ತಿಲ್ಲ. ಎಡಗೈಯಲ್ಲಿ ಒಂದು ಚೀಲ, ಬಲಗೈಯಲ್ಲಿ ಒಂದು ಬಕೆಟ್ಟು ಹಿಡಿದು ಬಸ್ಸಿನಲ್ಲೇ ಬರುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ.

ಮೊದಲು ಅವರು ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚುವವರಾಗಿದ್ದರು. ಓಣಿಯ ಉದ್ದಕ್ಕೂ ನೂಲನ್ನು ಬಿಗಿದು ಕಟ್ಟಿ, ಕುಂಚ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುವ ಕೆಲಸ. ಗಂಜಿ ಹಚ್ಚಿದ ನೂಲೇ ತಯಾರಾಗಿ ಬರತೊಡಗಿದ ಮೇಲೆ ಆ ಕೆಲಸ ನಿಂತಿತು. ಜಮಖಂಡಿಯಲ್ಲಿ ಕಾರು ತೊಳೆಯುವ ಜಾಗದಲ್ಲಿ ಸೇರಿಕೊಂಡರು. ಅಲ್ಲಿ ಮೇಣ ಹಚ್ಚುವುದನ್ನು ಕಲಿತರು. ಕಲಿಯಲು ಹೆಚ್ಚು ದಿನ ಬೇಕಾಗಲಿಲ್ಲವಂತೆ. "ತೆಳ್ಳಗ ಹಚ್ಚಬೇಕ್ರಿ. ದಪ್ಪ ಆತಂದ್ರ ನೂಲೂ ಕೆಡತೈತಿ, ಕಾರೂ ಕೆಡತೈತಿ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಒಂದೇ ಮಾತನ್ನು ಎಷ್ಟೋ ಸಲ ಹೇಳುವ ವಯಸ್ಸು ಅವರದು, ಅರವತ್ತೆರಡು ದಾಟಿದೆ.

ನಾನು ತ್ರಿಶಲಾ. ಬನಹಟ್ಟಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮದುವೆ ಬೇಡವೆಂದು ಉಳಿದವಳು. ತೇರದಾಳದಲ್ಲಿ ಅಪ್ಪ, ಅವ್ವನ ಜೊತೆ ಇದ್ದೇನೆ. ಅಪ್ಪ ಭೂಪಾಲ ಅರಿಷಿಣದ ವ್ಯಾಪಾರ ಮಾಡಿಕೊಂಡಿದ್ದವನು, ಈಗ ಎಪ್ಪತ್ತಾರು. ವ್ಯಾಪಾರ ಬಿಟ್ಟ ಮೇಲೆ ಅವನು ನಿಯಮಗಳನ್ನು ಹಿಡಿದ. ಒಂದೊಂದೇ ನಿಯಮ ಸೇರುತ್ತಾ ಹೋಗಿ ನಮ್ಮ ಮನೆಯಲ್ಲಿ ಈಗ ಮನುಷ್ಯರಿಗಿಂತ ನಿಯಮಗಳೇ ಜಾಸ್ತಿ. ಅದರಲ್ಲಿ ಒಂದು ಚಾತುರ್ಮಾಸದ ವಾಹನ ತ್ಯಾಗ. ಮಳೆಗಾಲದ ನಾಲ್ಕು ತಿಂಗಳು, ನೆಲದ ತುಂಬ ಹುಳು ಹುಪ್ಪಡಿ ಓಡಾಡುವ ಕಾಲದಲ್ಲಿ, ಅಪ್ಪ ಯಾವ ವಾಹನವನ್ನೂ ಹತ್ತುವುದಿಲ್ಲ. ತಾನು ಹತ್ತದಿದ್ದರೆ ಸಾಕಿತ್ತು. ತನ್ನ ಹೆಸರಿನ ಕಾರಿನ ಗಾಲಿ ಯಾರಿಗಾಗಿಯೂ ಉರುಳಬಾರದು ಎಂದು ಎಂಟು ವರ್ಷದ ಹಿಂದೆ ಸೇರಿಸಿಕೊಂಡ. ಹೀಗಾಗಿ ನಮ್ಮ ಕಡುನೀಲಿ ಎಸ್ಟೀಮ್ ಆಷಾಢದಿಂದ ದೀಪಾವಳಿವರೆಗೆ ಅಂಗಳದಲ್ಲಿ ತಗಡಿನ ಪತ್ರಾಸಿನ ಕೆಳಗೆ ನಿಲ್ಲುತ್ತದೆ, ನಾನು ಬಸ್ಸಿನಲ್ಲಿ ನಿಲ್ಲುತ್ತೇನೆ. ನನಗೆ ಸಿಟ್ಟು ಬರುತ್ತದೆ ಎಂಬುದನ್ನು ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ.

ಆ ಕಾರನ್ನು ಮಲಗಿಸಲು ಪ್ರತಿ ಆಷಾಢಕ್ಕೂ ಶಿವಯೋಗೆಪ್ಪ ಬರುತ್ತಾರೆ. ಅಪ್ಪನಿಗೂ ಅವರಿಗೂ ಬಹಳ ಹೊಂದಿಕೆ. ನಮ್ಮ ಮನೆಯಲ್ಲಿ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಯಾವುದಕ್ಕೂ ಬಳಸುವುದಿಲ್ಲ, ಕಾರು ತೊಳೆಯುವುದಕ್ಕೂ. ಬೇರೆ ಯಾರಾದರೂ ಆಗಿದ್ದರೆ ಇದೇನು ಪೀಡೆ ಎನ್ನುತ್ತಿದ್ದರು. ಶಿವಯೋಗೆಪ್ಪನವರಿಗೆ ಅದು ಖುಷಿ. ಅಪ್ಪ ನೀರಿನೊಳಗಿನ ಜೀವ ಉಳಿಯಲಿ ಎಂದು ಸೋಸುತ್ತಾನೆ, ಅವರು ನೀರಿನೊಳಗಿನ ಉಸುಕು ಬಣ್ಣವನ್ನು ಗೀಚದಿರಲಿ ಎಂದು ಸೋಸುತ್ತಾರೆ. ಇಬ್ಬರೂ ಬಟ್ಟೆಯ ಒಂದೊಂದು ತುದಿ ಹಿಡಿದು ಬಕೆಟ್ಟಿನ ಮೇಲೆ ಬಗ್ಗಿ ನಿಂತಿರುವುದನ್ನು ನಾನು ಎಂಟು ವರ್ಷ ನೋಡಿದ್ದೇನೆ.

ಈ ವರ್ಷ ಬಂದಾಗ ಅವರ ಬಲಗೈಯಲ್ಲಿ ಬಕೆಟ್ಟು ಇರಲಿಲ್ಲ. ಬೆಳಿಗ್ಗೆ ಎಂಟೂವರೆ ಇರಬಹುದು, ಅಂದಿನಿಂದ ಮೂರು ದಿನ ಶಾಲೆಗೆ ರಜೆ ಇತ್ತು. ಅಪ್ಪ ಬಸದಿಗೆ ಹೋಗಿದ್ದ. ನಾನು ಚಹಾ ತಂದುಕೊಟ್ಟೆ. ಎಡಗೈಯಿಂದ ಬಟ್ಟಲು ತೆಗೆದುಕೊಂಡರು.

"ಬಲಗೈಗೆ ಏನಾತ್ರಿ ಕಾಕಾ?"

"ರಟ್ಟಿ ಮ್ಯಾಲ ಏಳವಲ್ದ್ರಿ ಅಕ್ಕಾರ. ಗಂಜಿ ಹಚ್ಚಿದ್ದು, ಕಾರ ಒರಿಸಿದ್ದು, ಎಲ್ಲಾ ಇದೊಂದ ಕೈ. ದಣದೈತಿ. ಡಾಕ್ಟರು ಸಾಕ ಮಾಡ ಅಂದಾರ. ಇದ ಕಡೀ ಗಾಡಿರಿ. ನಿಮ್ಮದು ಮುಗಿಸಿ ಬಿಟ್ಟ ಬಿಡ್ತೇನಿ."

ಹೀಗೆಂದು ಬಟ್ಟಲನ್ನು ಪಕ್ಕಕ್ಕಿಟ್ಟರು. ಚಹಾ ಆರಿತು. ಚೀಲದಿಂದ ಎರಡು ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟರು. ಒಂದು ಹಳೆಯದು, ಅಗಲವಾದ ತಗಡಿನ ಡಬ್ಬಿ, ಪ್ರತಿ ವರ್ಷ ನೋಡಿದ್ದೆ. ಇನ್ನೊಂದು ಹೊಸ ಪ್ಲಾಸ್ಟಿಕ್ ಬಾಟಲಿ.

"ಅಕ್ಕಾರ, ನಿಮಗೊಂದ ಮಾತ ಹೇಳಬೇಕು. ಸಾವಕಾರ್ರಿಗೆ ಹೇಳೂ ಮೊದ್ಲ ನಿಮಗ ಹೇಳ್ತೇನಿ."

ಹಳೆಯ ಡಬ್ಬಿ ಮುಗಿಯುತ್ತ ಬಂದಿತ್ತಂತೆ. ಅದೇ ಕೊಡಿ ಎಂದು ಜಮಖಂಡಿಯ ಅಂಗಡಿಗೆ ಹೋದಾಗ ಅಂಗಡಿಯವನು ಅಂಥದೇ ಡಬ್ಬಿ ತೆಗೆದು ತೋರಿಸಿ ಹೊಗಳಿದನಂತೆ, ಇದರಲ್ಲಿ ಜೇನುಮೇಣ ಇದೆ, ಅದಕ್ಕೇ ಈ ಹೊಳಪು ಎಂದು. ಶಿವಯೋಗೆಪ್ಪ ಹಳೆಯ ಡಬ್ಬಿ ತೋರಿಸಿ ಇದರಲ್ಲೂ ಇತ್ತೇ ಎಂದು ಕೇಳಿದರು. ಮೊದಲಿನಿಂದಲೂ ಇದೆಯಲ್ಲ, ಡಬ್ಬಿಯ ಹಿಂದೆ ಬರೆದಿದ್ದಾರಲ್ಲ ಎಂದ ಅವನು. ಬರೆದಿದ್ದು ಇಂಗ್ಲಿಷಿನಲ್ಲಿ, ಅದೂ ಇರುವೆಯಷ್ಟು ಸಣ್ಣ ಅಕ್ಷರ. ಅದನ್ನು ಅಲ್ಲೇ ಬಿಟ್ಟು ಜೇನುಮೇಣವಿಲ್ಲದ ಈ ಬಾಟಲಿ ತಂದಿದ್ದರು.

"ಮೇಣ ಅಂದ್ರ ಮೇಣಬತ್ತಿದ್ದ ಇರತೈತಿ ಅಂತ ತಿಳಕೊಂಡಿದ್ನ್ರಿ. ಗೊತ್ತಿಲ್ದ ಎಂಟ ವರ್ಷ ಹಚ್ಚೇನಿ."

ನಮ್ಮ ಮನೆಯಲ್ಲಿ ಜೇನಿನ ಹೆಸರನ್ನೂ ಎತ್ತುವುದಿಲ್ಲ. ಮದ್ಯ, ಮಾಂಸ, ಜೇನು ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಬಿಟ್ಟವರು ನಾವು. ಒಂದು ಗೂಡು ಹಿಂಡಿದರೆ ಎಷ್ಟು ಜೀವ ಹೋಗುತ್ತದೆ ಎಂದು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಒಮ್ಮೆ ಶಿವಯೋಗೆಪ್ಪನವರಿಗೆ ಕೆಮ್ಮಾಗಿ ಚಮಚ ಜೇನು ಇದ್ದರೆ ಕೊಡಿ ಎಂದಾಗ ಅವ್ವ ಎರಡೂ ಕಿವಿ ಮುಟ್ಟಿಕೊಂಡಿದ್ದಳು. ಅದು ಅವರಿಗೆ ನೆನಪಿತ್ತು. ಹಿಂಸೆ ಆಗಬಾರದೆಂದು ಅಪ್ಪ ಕಾರನ್ನೇ ನಿಲ್ಲಿಸಿದ, ನಿಂತ ಕಾರಿಗೆ ಜೇನುಗೂಡಿನ ಮೇಣ ಬಳಿದದ್ದಾಯಿತು. ನಗು ಬರಬೇಕಾಗಿತ್ತು. ಬರಲಿಲ್ಲ, ಏಕೆಂದರೆ ಅಪ್ಪನಿಗೆ ತಿಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಭಾದ್ರಪದದಲ್ಲಿ ಮೂರನೇ ಉಪವಾಸದ ದಿನ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ. ಮೈಯೆಲ್ಲ ತಣ್ಣಗಾಗಿತ್ತು, ಮಾತಿಲ್ಲ. ನಮ್ಮ ಕಾರು ಕಟ್ಟಿಗೆಯ ದಿಮ್ಮಿಗಳ ಮೇಲೆ ಮಲಗಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಜಮಖಂಡಿಗೆ ಒಯ್ದೆವು. ದಾರಿಯುದ್ದಕ್ಕೂ ಅವ್ವ ಅವನ ಅಂಗಾಲು ತಿಕ್ಕುತ್ತಿದ್ದಳು. ಸಲೈನು ಏರಿ ಕಣ್ಣು ಬಿಟ್ಟವನು ಕೇಳಿದ ಮೊದಲ ಮಾತು, "ನನ್ನ ಯಾವದರಾಗ ತಂದ್ರಿ?" ನಿಯಮ ಮುರಿಯಿತಲ್ಲ ಎಂದು ಮನೆಗೆ ಬಂದು ಮತ್ತೆ ಎರಡು ಉಪವಾಸ ಮಾಡಿದ. ಮುನಿಗಳನ್ನು ಕೇಳುವ ಮೊದಲೇ ತನಗೆ ತಾನೇ ಪ್ರಾಯಶ್ಚಿತ್ತ ಹಾಕಿಕೊಳ್ಳುವ ಸ್ವಭಾವ ಅವನದು. ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ತರಬೇಡಿ ಎಂದು ಡಾಕ್ಟರು ನನ್ನನ್ನು ಬೈದು ಕಳಿಸಿದ್ದರು.

"ಹೇಳಬ್ಯಾಡ್ರಿ ಕಾಕಾ," ಎಂದೆ. "ಹಳೇದೆಲ್ಲಾ ತಗದ ಹಾಕ್ರಿ, ಹೊಸಾದ ಹಚ್ರಿ. ಅವನಿಗೆ ತಿಳೀದಿದ್ರ ಏನೂ ಆಗೂದಿಲ್ಲ. ತಿಳದ್ರ ಎಂಟ ವರ್ಷದ್ದು ಲೆಕ್ಕಾ ಹಾಕಿ ಉಪಾಸ ಬೀಳ್ತಾನ. ಈ ಸಲ ಉಳಿಯೂದಿಲ್ಲ."

ಶಿವಯೋಗೆಪ್ಪ ನೆಲ ನೋಡುತ್ತ ಕೂತಿದ್ದರು. "ಮುಂದಿನ ವರ್ಷ ನಾ ಬರೂಹಂಗಿದ್ರ ಸುಮ್ನ ಇರತಿದ್ನೇನೋ," ಎಂದರು. "ಕಡೀ ಸಲ ಬಂದೇನಲ್ರಿ ಅಕ್ಕಾರ. ಇದನ್ನ ಹೊಟ್ಟ್ಯಾಗ ಇಟಗೊಂಡ ಮನಿಗಿ ಹೋಗಿ ಹ್ಯಾಂಗ ಕೂಡ್ಲಿ?"

"ನನ್ನ ಸಲುವಾಗಿ ಇಟಗೋರಿ," ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು. ಅವರು ಎದ್ದು ನೀರು ಸೋಸಲು ಬಟ್ಟೆ ಹುಡುಕಿದರು.

ಆ ಮೂರು ದಿನ ಅವರು ಪಟ್ಟ ಪಾಡನ್ನು ನಾನು ನೋಡಿದೆ. ಮೇಣ ಹಚ್ಚುವುದಕ್ಕಿಂತ ತೆಗೆಯುವುದು ಕಷ್ಟ. ಮೊದಲು ಕಟುವಾದ ಸಾಬೂನಿನ ನೀರಿನಲ್ಲಿ ಎರಡು ಸಲ ತೊಳೆದರು. ಆಮೇಲೆ ಮೆತ್ತಗಿನ ಜೇಡಿಯ ಮುದ್ದೆಯನ್ನು ನೀರು ಚಿಮುಕಿಸಿ ಬಣ್ಣದ ಮೇಲೆ ತಿಕ್ಕಿದರು. ಕಾರ್ಖಾನೆಯ ಬೂದಿ, ಡಾಂಬರಿನ ಚುಕ್ಕೆ, ಹಳೆಯ ಮೇಣದ ಅಂಟು ಎಲ್ಲ ಆ ಮುದ್ದೆಗೆ ಹತ್ತಿಕೊಂಡು ಬಂತು. ಬೆರಳಿನಿಂದ ಬಾನೆಟ್ಟು ಸವರಿದರೆ ಕೀಚ್ ಎಂದು ಸದ್ದಾಗುವವರೆಗೆ ಬಿಡಲಿಲ್ಲ. ಬಲಗೈ ಸೋತಾಗ ಎಡಗೈಯಿಂದ, ಎಡಗೈ ಸೋತಾಗ ಬಲಗೈಯನ್ನು ಎಡಗೈಯಿಂದ ಹಿಡಿದು ಆಡಿಸುತ್ತ ಉಜ್ಜಿದರು. ಮೇಲ್ಛಾವಣಿಗೆ ಕೈ ಎಟುಕದೆ ಮಣೆ ಹಾಕಿಕೊಂಡು ನಿಂತರು. ನಡುನಡುವೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಸಾಕು ಬಿಡಿ ಎಂದರೆ ಕೇಳುವ ಗಿರಾಕಿಯಲ್ಲ.

ಅಪ್ಪ ಬಸದಿಯಿಂದ ಬಂದವನು ಪತ್ರಾಸಿನ ಕೆಳಗೆ ಇಣುಕಿದ. "ಈ ಸಲ ಭಾಳ ತಿಕ್ಕಾಕತ್ತೀಯಲ್ಲೋ ಶಿವಯೋಗೆಪ್ಪ?"

ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಹೊಸಾ ಸೀಲಂಟ್ ಬಂದೈತಪ್ಪಾ. ಹಳೇ ಪಾಲಿಶ್ ಮ್ಯಾಲ ಅದು ನಿಲ್ಲೂದಿಲ್ಲಂತ." ಇದು ಸುಳ್ಳಲ್ಲ. ಆ ಬಾಟಲಿಯಲ್ಲಿದ್ದ ಸೀಲಂಟ್ ಲೇಪ ನಿಜವಾಗಿ ಬರಿಯ ಬಣ್ಣವನ್ನೇ ಬೇಡುತ್ತದೆ. ನಿಜವನ್ನೇ ಹೇಳಿ ಸುಳ್ಳಾಡುವುದು ನನಗೆ ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಬೇಸರವಾಯಿತು.

ಎರಡನೇ ದಿನ ಆ ಬಾಟಲಿ ತೆರೆದರು. ಅದು ಕಾರ್ಖಾನೆಯಲ್ಲಿ ರಸಾಯನದಿಂದ ಮಾಡಿದ್ದು, ಯಾವ ಪ್ರಾಣಿಯದೂ ಅಲ್ಲ ಎಂದು ಅಂಗಡಿಯಲ್ಲಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ತಂದಿದ್ದರು. ಸ್ಪಂಜಿನ ಮೇಲೆ ನಾಲ್ಕು ಹನಿ ಹಾಕಿ, ಒಂದು ಬಾಗಿಲು ಮುಗಿಸಿ ಇನ್ನೊಂದು ಬಾಗಿಲಿಗೆ ಹೋಗುತ್ತಿದ್ದರು. ಮಂಜು ಕವಿದಂತೆ ಮಸುಕಾದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸುವುದು. ಗಾಲಿಗಳನ್ನು ಒಂದೊಂದಾಗಿ ಬಿಚ್ಚಿ, ಬ್ರೇಕಿನ ಕರಿ ಪುಡಿಯನ್ನು ತೊಳೆದು, ರಿಮ್ಮಿನ ಒಳಮೈಗೂ ಹಚ್ಚಿ ಮತ್ತೆ ಜೋಡಿಸಿದರು. ಬ್ರೇಕಿನ ತಟ್ಟೆಗೆ ಮಾತ್ರ ಒಂದು ಹನಿಯೂ ತಾಗಬಾರದು, ತಾಗಿದರೆ ದೀಪಾವಳಿಗೆ ಗಾಡಿ ತೆಗೆದಾಗ ಬ್ರೇಕು ಹಿಡಿಯುವುದಿಲ್ಲ. ಮೂರನೇ ದಿನ ಎರಡನೇ ಲೇಪ. ಬ್ಯಾಟರಿಯ ತಂತಿ ಬಿಚ್ಚಿದರು, ಹ್ಯಾಂಡ್‌ಬ್ರೇಕು ಇಳಿಸಿದರು, ಗಾಡಿಯನ್ನು ದಿಮ್ಮಿಗಳ ಮೇಲೆ ಕೂರಿಸಿದರು. ತಾಡಪತ್ರಿ ಹೊದಿಸಿದರೆ ಒಳಗೆ ಬೆವರುತ್ತದೆಂದು ಹತ್ತಿಯ ಹೊದಿಕೆ ಹಾಕಿದರು.

ಎಲ್ಲ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ನಿಯಮ ಹಿಡಿಯಲು ಇನ್ನೂ ಎರಡು ದಿನ ಇತ್ತು. ಅಪ್ಪ ಬಿಳಿ ಧೋತರ ಉಟ್ಟು ಹೊರಗೆ ಬಂದ. ನಾನು ಎಲ್ಲ ಯೋಚಿಸಿದ್ದೆ, ಇದೊಂದನ್ನು ಮರೆತಿದ್ದೆ. ನಿಯಮ ಹಿಡಿಯುವ ಮೊದಲು ಅಪ್ಪ ತನಗಾಗಿ ದುಡಿದ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾನೆ. ಹಾಲಿನವಳು ಅನಸವ್ವನಿಂದ ಹಿಡಿದು ಮನೆಯವರವರೆಗೆ ಯಾರನ್ನೂ ಬಿಡುವುದಿಲ್ಲ.

"ಶಿವಯೋಗೆಪ್ಪ," ಅಪ್ಪ ಕೈ ಮುಗಿದ. "ತಿಳದೋ ತಿಳೀದನೋ ನನ್ನಿಂದ ನಿನ್ನ ಮನಸ್ಸಿಗಿ ನೋವಾಗಿದ್ರ ಕ್ಷಮಾ ಮಾಡಪಾ."

ಪ್ರತಿ ವರ್ಷ ಅವರೂ ಕೈ ಮುಗಿದು, ನೀವೂ ಮಾಡ್ರಿ ಎಂದು ಹೇಳಿ ಚೀಲ ಎತ್ತಿಕೊಳ್ಳುತ್ತಿದ್ದರು. ಈ ಸಲ ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಗೆ ತಂದರು. ಇಳಿಸಲಿಲ್ಲ.

"ನೀವು ಕೇಳಬ್ಯಾಡ್ರಿ ಸಾವಕಾರ್ರ. ಕೇಳಾಂವ ನಾ ಅದೇನಿ."

ನನ್ನ ಕಡೆ ನೋಡಲಿಲ್ಲ. ಡಬ್ಬಿಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅಪ್ಪ ನಿಂತೇ ಕೇಳಿದ. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಎಷ್ಟ ವರ್ಷ?"

"ಎಂಟ ವರ್ಷ್ರಿ."

"ಈಗ ಪೂರಾ ಹೋಗೇತೇನು?"

"ಮೈಮ್ಯಾಲಿಂದು ಹೋಗೇತ್ರಿ. ಬಾಗಲಾ ಸಂದ್ಯಾಗ, ಗಾಲಿ ನಟ್ಟಿನ ಕುಣ್ಯಾಗ ಇನ್ನಾ ಸ್ವಲ್ಪ ಐತ್ರಿ. ಸುಳ್ಳ ಹೇಳೂದಿಲ್ಲ."

"ಮತ್ತ ಯಾರಿಗಿ ಗೊತ್ತಿತ್ತು?"

"ನನಗೊಬ್ಬಗ ರೀ."

ಸುಳ್ಳು ಹೇಳುವುದಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳಿದ ಮನುಷ್ಯ ನನಗೋಸ್ಕರ ಸುಳ್ಳು ಹೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

"ನೀ ಹೇಳಿದ್ದು ಛಲೋ ಆತು," ಅಪ್ಪ ಎಂದ. "ನಿನಗ ಗೊತ್ತಿರಲಿಲ್ಲ, ನಿಂದೇನ ತಪ್ಪಿಲ್ಲ. ಕಾರ ನಂದು. ಎಂಟ ವರ್ಷಕ್ಕ ಎಂಟ ಉಪವಾಸ. ನಾಳಿಂದ ಸುರು ಮಾಡ್ತೇನಿ."

ಒಳಗಿನಿಂದ ಅವ್ವ ಬಂದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳು ಕೂತ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ.

"ನನಗ ಗೊತ್ತಿತ್ತಪ್ಪಾ," ಎಂದೆ. "ಮೂರ ದಿನದಿಂದ ಗೊತ್ತೈತಿ. ಹೇಳಬ್ಯಾಡ್ರಿ ಅಂತ ಕಾಕಾಗ ನಾನ ಹೇಳೇನಿ. ಹೊಸಾ ಪಾಲಿಶ್ ಅಂತ ನಿನ್ನ ಮುಂದ ಆಡಿದ್ದು ನಾನು. ಅದಕ್ಕ ಎಷ್ಟ ಉಪಾಸ ಮಾಡ್ತಿ? ಹೋದ ವರ್ಷ ನೀ ಬಿದ್ದಾಗ ಅವ್ವ ನಾಕ ದಿನ ಬಾಯಾಗ ಒಂದ ತುತ್ತ ಇಟ್ಟಿಲ್ಲ. ನಿನಗ ಅದು ಗೊತ್ತೈತೇನು? ನೀ ದವಾಖಾನ್ಯಾಗ ಕಣ್ಣ ತಗದು ಜೀಪಿನ ಮಾತ ಕೇಳಿದಿ. ಅಕಿ ಉಂಡಾಳೇನು ಅಂತ ಕೇಳಲಿಲ್ಲ. ನಂಗ ಸಾಕಾಗೇತಪ್ಪಾ. ನಿನ್ನ ನಿಯಮಾ ಕಾಯ್ದು ಕಾಯ್ದು ದಣದೇನಿ."

ಅಪ್ಪನ ಎದುರು ನಾನು ಹಾಗೆ ಎಂದೂ ಮಾತಾಡಿದವಳಲ್ಲ. ನನ್ನ ಧ್ವನಿ ಏರಿರಲಿಲ್ಲ, ಏರಿಸುವ ಶಕ್ತಿ ಇರಲಿಲ್ಲ. ಶಿವಯೋಗೆಪ್ಪ ಚೀಲದ ಹಿಡಿಕೆಯನ್ನು ತಿರುವುತ್ತ ನಿಂತಿದ್ದರು. ಅಪ್ಪ ಅವ್ವನ ಕಡೆ ನೋಡಿದ.

"ನಾಕ ದಿನ?" ಎಂದು ಕೇಳಿದ.

ಅವ್ವ ತಲೆ ಅಲ್ಲಾಡಿಸಿದಳು, ಹೋಗಲಿ ಬಿಡಿ ಎನ್ನುವಂತೆ.

"ಉಪವಾಸ ಮಾಡಿದ್ರ ಹಸಿವಿ ನನ್ನದೊಂದ ಅಂತ ತಿಳಕೊಂಡಿದ್ನಿ," ಎಂದ ಅಪ್ಪ. ಒಳಗೆ ಹೋಗಿ ಜಪಕ್ಕೆ ಕೂತ.

ಮರುದಿನ ಮುಂಜಾನೆ ಶಿವಯೋಗೆಪ್ಪ ಕರೆಯದೆಯೇ ಬಂದರು. ಕೈಯಲ್ಲಿ ಬಿದಿರಿನ ಸಣ್ಣ ಕಡ್ಡಿಗಳ ಕಟ್ಟು, ಹಳೆಯ ಹತ್ತಿ ಸೀರೆಯ ಚೂರುಗಳು. ಹೊದಿಕೆ ಸರಿಸಿ, ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಬಾಗಿಲ ಸಂದಿಗೆ ಹಾಕಿದರು. ಬಲಗೈಯಿಂದ ಎರಡು ಸಲ ಕಡ್ಡಿ ಜಾರಿ ಬಿತ್ತು. ಮೂರನೇ ಸಲ ಬಿದ್ದಾಗ ಅದನ್ನು ಎತ್ತಿಕೊಂಡವನು ಅಪ್ಪ.

"ನೀ ಕೂಡು," ಎಂದ. "ಹ್ಯಾಂಗ ಮಾಡೂದು ಹೇಳು."

"ಸಾವಕಾರ್ರ, ನೀವ್ಯಾಕ್ರಿ."

"ಕೂಡಪಾ."

ಶಿವಯೋಗೆಪ್ಪ ಕಟ್ಟೆಯ ಮೇಲೆ ಕೂತರು. ತಮ್ಮ ಕೆಲಸವನ್ನು ಕೂತು ನೋಡಿದ್ದು ಅವರ ಜೀವನದಲ್ಲಿ ಅದೇ ಮೊದಲಿರಬೇಕು. ಗಾಲಿಯ ಹತ್ತಿರ ಅಪ್ಪ ನೆಲಕ್ಕೆ ಕೂತ. ನಟ್ಟಿನ ಕುಣಿಯೊಳಗೆ ಕಡ್ಡಿ ತಿರುಗಿಸಿದ, ಹೊರಗೆ ತೆಗೆದು ನೋಡಿದ, ಬಟ್ಟೆಗೆ ಹಳದಿ ಜಿಡ್ಡು ಹತ್ತಿತ್ತು. ಬಟ್ಟೆ ಬದಲಾಯಿಸಿದ. "ಒತ್ತಬ್ಯಾಡ್ರಿ, ತಿರವ್ರಿ," ಎಂದು ಶಿವಯೋಗೆಪ್ಪ ಕೂತಲ್ಲಿಂದ ಹೇಳುತ್ತಿದ್ದರು. ನಾನು ಶಾಲೆಗೆ ರಜೆ ಹಾಕಿ ಇನ್ನೊಂದು ಪಕ್ಕದ ಗಾಲಿಗಳಿಗೆ ಕೂತೆ. ಅಪ್ಪನೂ ನಾನೂ ಕಾರಿನ ಆಚೆ ಈಚೆ ಇದ್ದೆವು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಬೆನ್ನು ನೋಯತೊಡಗಿತು. ಇಂಥ ಕೆಲಸವನ್ನು ಈ ಮನುಷ್ಯ ಇಷ್ಟು ವರ್ಷ ಹೇಗೆ ಮಾಡಿದರೋ.

"ಇಷ್ಟ ಸಾಕ್ರಿ," ಎಂದರು ಶಿವಯೋಗೆಪ್ಪ, ಹನ್ನೊಂದರ ಸುಮಾರಿಗೆ. "ಏನ ಮಾಡಿದ್ರೂ ಪೂರಾ ಹೋಗೂದಿಲ್ರಿ. ಎಲ್ಲೋ ಒಂದ ಕಡೆ ಉಳದ ಉಳೀತೈತಿ."

"ಗೊತ್ತೈತಿ," ಎಂದು ಅಪ್ಪ ಕಡ್ಡಿ ಕೆಳಗಿಟ್ಟ. ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ ಮುಚ್ಚಿಟ್ಟಿದ್ದಳು. ಎಷ್ಟು ಜನರಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಅಪ್ಪ ಬಂದು ಗೋಡೆಗೆ ಒರಗಿ ಕೂತ. ಶಿವಯೋಗೆಪ್ಪನವರನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡ.

"ಸುಮನಾ, ನಾಕೂ ಮಂದಿಗಿ ತಾಟ ಹಾಕು," ಎಂದು ಅವ್ವನಿಗೆ ಹೇಳಿದ. "ನೀನೂ ಕೂಡು."

ಅವ್ವ ಬಡಿಸಿದಳು, ತಾನೂ ಕೂತಳು. ಅಪ್ಪ ರೊಟ್ಟಿ ಮುರಿದ. ಎಷ್ಟೋ ಹೊತ್ತು ಚೂರನ್ನು ಪಲ್ಯದಲ್ಲಿ ಅದ್ದಿ ಹಿಡಿದುಕೊಂಡೇ ಇದ್ದ. ಇಷ್ಟು ವರ್ಷದ ಉಪವಾಸಗಳಲ್ಲಿ ಅವನ ಮುಖ ಅಷ್ಟು ಕಷ್ಟಪಟ್ಟದ್ದನ್ನು ನಾನು ನೋಡಿರಲಿಲ್ಲ. ಅವ್ವ ತನ್ನ ತಾಟಿಗೆ ಕೈ ಹಾಕದೆ ಕಾಯುತ್ತಿದ್ದಳು. ಶಿವಯೋಗೆಪ್ಪ ತಲೆ ಬಗ್ಗಿಸಿದ್ದರು. ಅಪ್ಪ ಆ ಚೂರನ್ನು ಬಾಯಿಗಿಟ್ಟ, ಅಗಿದ, ನುಂಗಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಅವ್ವ ಊಟಕ್ಕೆ ಕೈ ಹಚ್ಚಿದಳು.